ನಾಲ್ಕು ಸೆಲ್ಲಿನ ಬಾಗಿಲು

ಹಳೆಯದನ್ನು ಹೊಸದು ಮಾಡಿಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ನನ್ನ ಕೆಲಸ ಹೊಸದನ್ನು ಹಳೆಯದು ಮಾಡುವುದು. ಕೇಳಿದವರೆಲ್ಲ ಒಮ್ಮೆ ನಗುತ್ತಾರೆ, ನಗಲಿ. ಈಗಿನ ಮಕ್ಕಳು, ಮಕ್ಕಳೇನು ಬಂತು, ಮೀಸೆ ಹೊತ್ತ ಗಂಡಸರೂ ಕೈಯಲ್ಲಿ ಹಿಡಿದು ಆಡುವ ಗೇಮ್ ಮೆಷಿನ್ ಇರುತ್ತದಲ್ಲ, ಅದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಕವರ್ ಮಾಡುತ್ತೇವೆ. ಬರೀ ಕವರಲ್ಲ, ಹೊಟ್ಟೆಯೊಳಗೆ ಹೆಚ್ಚುವರಿ ಬ್ಯಾಟರಿ ಇರುವ ದಪ್ಪ ಕವರ್. ತೆಳ್ಳಗೆ ಹೊಳೆಯುವ ಮೆಷಿನ್ನನ್ನು ಅದರೊಳಗೆ ಜಾರಿಸಿದರೆ ಮೂವತ್ತು ವರ್ಷ ಹಿಂದಿನ ಗೇಮ್ ಡಬ್ಬಿಯೇ ಎದುರಿಗೆ ಬಂದು ಕೂರಬೇಕು. ಬೂದು ಬಣ್ಣ, ಅಂಚಿನಲ್ಲಿ ತುಸು ಹಳದಿ, ಹೆಬ್ಬೆರಳು ಊರುವ ಕಡೆ ಸವೆದು ಬಂದ ನುಣುಪು. ಆ ಹಳದಿ, ಆ ಸವೆತ ಎಲ್ಲ ನನ್ನ ಕೈಯದು. ಪ್ಲಾಸ್ಟಿಕ್ಕಿಗೆ ವಯಸ್ಸು ಬರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ ನಾನೇ ಹೇಳಿಕೊಂಡರೆ ಜಂಬ ಅನ್ನುತ್ತಾರೆ, ಅದಕ್ಕೇ ಓನರಮ್ಮನ ಬಾಯಲ್ಲಿ ಹೇಳಿಸುತ್ತೇನೆ.

ಈ ಸಲದ ಕವರಿಗೆ ಮಾದರಿ ನಮ್ಮ ಮನೆಯದೇ ಡಬ್ಬಿ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ಕೆಟ್ಟುಹೋದ ಒಂದನ್ನು ಎಲ್ಲಿಂದಲೋ ತಂದು, ತಾವೇ ಬಿಚ್ಚಿ, ತಾವೇ ಜೋಡಿಸಿ, ಆಡುವಂತೆ ಮಾಡಿಕೊಟ್ಟಿದ್ದರು. ನೀರಿನ ಪಂಪು ರಿಪೇರಿ ಮಾಡುತ್ತಿದ್ದವರು ಅವರು. ಅವರ ಕೈಗೆ ಸಿಕ್ಕ ಯಾವ ವಸ್ತುವೂ ಸುಲಭಕ್ಕೆ ಸಾಯುತ್ತಿರಲಿಲ್ಲ. ಡಬ್ಬಿಯ ಬೆನ್ನಿಗೊಂದು ಪುಟ್ಟ ಬಾಗಿಲು, ಬಾಗಿಲೊಳಗೆ ನಾಲ್ಕು ಸೆಲ್. ಸೆಲ್ ಸೋತರೆ ಅಪ್ಪನದು ಮೂರು ವೈದ್ಯ. ಮೊದಲು ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚುವುದು. ಅದಕ್ಕೂ ಬಗ್ಗದಿದ್ದರೆ ಬಿಸಿಲಿಗಿಡುವುದು. ಅದಕ್ಕೂ ಬಗ್ಗದಿದ್ದರೆ ಬೈಯುವುದು. ಕಚ್ಚಿಸಿಕೊಂಡ ಸೆಲ್ ಹೇಗೋ ಇನ್ನರ್ಧ ಗಂಟೆ ಓಡುತ್ತಿತ್ತು. ಆಗಿನ ಮನೆಗಳಲ್ಲಿ ಹಲ್ಲಿನ ಗುರುತಿಲ್ಲದ ಸೆಲ್ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ಪುಟ್ಟ ಬಾಗಿಲಿಗೊಂದು ಸದ್ದಿತ್ತು. ಉಗುರಲ್ಲಿ ಒತ್ತಿ ಜಾರಿಸಿದರೆ ಟಕ್ ಅಂತ ಬಿಚ್ಚಿಕೊಳ್ಳುವುದು, ಮುಚ್ಚಿದರೆ ಟಕ್ ಅಂತ ಕೂರುವುದು. ನನ್ನ ಕವರಿಗೆ ಆ ಟಕ್ ಬೇಕೇ ಬೇಕು ಅಂತ ನಾನು ಹಟ ಹಿಡಿದೆ.

ಬೇಡ ಅಂದವರು ಫ್ಯೂಸಣ್ಣ. ನಮ್ಮಲ್ಲಿ ವೈರು, ಬ್ಯಾಟರಿ, ಬೆಸುಗೆ ನೋಡಿಕೊಳ್ಳುವವರು. ಮುಟ್ಟಿದರೆ ಫ್ಯೂಸ್ ಹಾರಿದ ಹಾಗೆ ಸಿಟ್ಟಾಗುತ್ತಾರೆಂದು ಎಲ್ಲರೂ ಸೇರಿ ಇಟ್ಟ ಹೆಸರು ಅದು. ನನಗೆ ಅವರಿಟ್ಟ ಹೆಸರು ಬಣ್ಣದಮ್ಮ.

"ಇದು ನಿಮ್ಮಪ್ಪನ ಕಾಲದ ಸೆಲ್ಲಲ್ಲ, ಬಣ್ಣದಮ್ಮ," ಅಂದರು. "ಬಾಗಿಲು ಅಂತ ಒಂದು ಇದ್ಮೇಲೆ ತೆಗೆಯೋರು ಇದ್ದೇ ಇರ್ತಾರೆ. ಸುಮ್ನೆ ಬಾಗಿಲಿನ ಗೆರೆ ಕೊರೀರಿ, ಸಾಕು."

"ಗೆರೆ ಟಕ್ ಅನ್ನುತ್ತಾ?"

"ಅನ್ನಲೇಬೇಕಾ?"

"ಅನ್ನಲೇಬೇಕು."

ಅವರು ಮೇಜಿನ ಮೇಲಿನ ಸುಟ್ಟ ಕಲೆಯನ್ನು ತೋರಿಸಿದರು. ಹೋದ ವರ್ಷ ಅಲ್ಲೊಂದು ಬ್ಯಾಟರಿಗೆ ಸ್ಕ್ರೂಡ್ರೈವರಿನ ತುದಿ ತಗುಲಿತ್ತು. ಈಗಿನ ಬ್ಯಾಟರಿ ಬೆಳ್ಳಿ ಬಣ್ಣದ ಮೆತ್ತನೆಯ ಪೊಟ್ಟಣ, ಒಳಗೆ ಪದರದ ಮೇಲೆ ಪದರ. ಪದರಕ್ಕೆ ಪದರ ತಾಗಿದರೆ ಮುಗಿಯಿತು. ಆವತ್ತು ಮೊದಲು ಬಂದದ್ದು ಸಿಹಿ ವಾಸನೆ, ಯಾರೋ ಹಣ್ಣು ಕೊಯ್ಯುತ್ತಿದ್ದಾರೆ ಅಂದುಕೊಂಡಿದ್ದೆವು. ಆಮೇಲೆ ಪೊಟ್ಟಣ ಉಬ್ಬಿತು. ಆಮೇಲೆ ಬುಸ್ ಅಂತ ಮೊಳದುದ್ದ ಬೆಂಕಿ. ಅದನ್ನು ನಾನು ಕಣ್ಣಾರೆ ಕಂಡವಳು, ಆದರೂ ಬಾಗಿಲು ಬೇಕು ಅಂದೆ. ಒಂದು ವಾರ ಜಗಳವಾಡಿದೆವು. ಕೊನೆಗೆ ಓನರಮ್ಮ ಇಬ್ಬರಿಗೂ ಸಾಕಾಗಿ ತೀರ್ಪು ಕೊಟ್ಟರು. ಬಾಗಿಲು ತೆರೆಯುವಂತೆಯೇ ಇರಲಿ, ಆದರೆ ಅದರ ಹಿಂದೆ ಸ್ಕ್ರೂ ಹಾಕಿದ ಗಟ್ಟಿ ತಡೆಗೋಡೆ ಇರಲಿ, ಬ್ಯಾಟರಿ ಗೋಡೆಯ ಆಚೆ ಇರಲಿ. ಗೆದ್ದದ್ದು ನಾನೇ. ಗೆದ್ದ ಖುಷಿಗೆ ಬಾಗಿಲಿನ ಒಳಮೈ ಮೇಲೆ ನಾಲ್ಕು ಸೆಲ್ಲಿನ ಚಿತ್ರವನ್ನೂ, ಕೂಡು ಕಳೆ ಗುರುತನ್ನೂ ಅಚ್ಚು ಹಾಕಿಸಿದೆ. ನೋಡಿದವರ ಕೈ ತಾನಾಗಿ ಸೆಲ್ ಹುಡುಕಬೇಕು ಅಂತ ಎಲ್ಲರೆದುರು ಕೊಚ್ಚಿಕೊಂಡೆ.

ತಡೆಗೋಡೆಗಳು ಇನ್ನೂ ಬಂದಿರಲಿಲ್ಲ. ಮೊದಲ ಸ್ಯಾಂಪಲ್ಲಿನಲ್ಲಿ ಬ್ಯಾಟರಿಯನ್ನು ಬಾಗಿಲ ಹಿಂದೆಯೇ ಅಂಟುಪಟ್ಟಿಯಲ್ಲಿ ಹಿಡಿಸಿದ್ದರು. ಸ್ಯಾಂಪಲ್ ವರ್ಕ್‌ಶಾಪ್ ದಾಟಬಾರದು ಅನ್ನುವುದು ನಮ್ಮ ನಿಯಮ. ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದವಳು ನಾನು.

ಯಾಕೆ ಅಂದರೆ, ಅಪ್ಪನಿಗೆ ತೋರಿಸಬೇಕಿತ್ತು. ತೋರಿಸುವುದೇನು, ಮೋಸ ಮಾಡಬೇಕಿತ್ತು. ಆ ಡಬ್ಬಿಯನ್ನು ಅಕ್ಷರಶಃ ಹೊಟ್ಟೆ ಬಗೆದು ನೋಡಿದ ಮನುಷ್ಯ ಅವರೊಬ್ಬರೇ. ಅಪ್ಪ ಮೋಸ ಹೋದರೆ ನಾನು ಪಾಸು. ನನ್ನ ನಲವತ್ತು ವರ್ಷದಲ್ಲಿ ಅವರ ಬಾಯಿಂದ ಕೇಳಿದ ದೊಡ್ಡ ಹೊಗಳಿಕೆಯೆಂದರೆ "ಹೂಂ, ಪರವಾಗಿಲ್ಲ." ಮಗಳ ಗೇಮ್ ಮೆಷಿನ್ನನ್ನು ಕವರಿನೊಳಗೆ ಕೂರಿಸಿ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಿಗ್ಗೆ ಟಿವಿ ಪಕ್ಕದಲ್ಲಿ ಏನೂ ಗೊತ್ತಿಲ್ಲದವಳಂತೆ ಇಟ್ಟೆ.

ಆ ಬೆಳಿಗ್ಗೆ ಇನ್ನೊಂದು ಜಗಳವೂ ಆಯಿತು. ಮಗಳು ಗುಬ್ಬಿಗೆ ಒಂಬತ್ತು ತುಂಬಿದೆ. ಬಲಗಡೆ ದವಡೆಯ ಹಾಲುಹಲ್ಲೊಂದು ಹತ್ತು ದಿನದಿಂದ ಅಲ್ಲಾಡುತ್ತಿತ್ತು. ಊಟಕ್ಕೆ ಕೂತರೆ ಅಳು, ಮಲಗಿದರೆ ನಾಲಿಗೆ ಅಲ್ಲೇ. ನಾನು ದಾರ ಹಿಡಿದು ನಿಂತೆ.

"ಬಾಯಿ ತೆಗಿ. ಒಂದೇ ಸಲ ಎಳೀತೀನಿ, ಗೊತ್ತೂ ಆಗಲ್ಲ."

"ಬೇಡ, ಅದೇ ಬೀಳುತ್ತೆ."

"ಹತ್ತು ದಿನದಿಂದ ಬೀಳ್ತಾನೇ ಇದೆ."

ಅವಳು ಮಂಚದ ಕೆಳಗೆ ನುಗ್ಗಿದಳು. ಬಸ್ಸಿಗೆ ಹೊತ್ತಾಗಿತ್ತು. ಅಪ್ಪ ಬಚ್ಚಲಿನಿಂದ ಬೊಚ್ಚು ಬಾಯಲ್ಲೇ "ಬಿಡಮ್ಮ ಮಗೂನ" ಅಂದರು. ವಸಡು ಬಾತಿದೆಯೆಂದು ಒಂದು ವಾರದಿಂದ ಅವರ ಹಲ್ಲುಸೆಟ್ಟು ಲೋಟದ ನೀರಿನಲ್ಲಿ ಮುಳುಗಿತ್ತು. ನಾನು ದಾರ ಬಿಸಾಕಿ, "ಸಂಜೆ ಬಂದು ಕಿತ್ತೇ ಕೀಳ್ತೀನಿ, ನೋಡ್ತಿರು" ಅಂತ ಬೆದರಿಸಿ ಹೊರಟೆ. ಶಾಲೆಗೆ ರಜೆ, ಗುಬ್ಬಿಯ ಅಪ್ಪ ಹಡಗಿನ ಕೆಲಸದಲ್ಲಿ ದೂರ. ಮನೆಯಲ್ಲಿ ತಾತ ಮೊಮ್ಮಗಳು ಇಬ್ಬರೇ.

ಮಧ್ಯಾಹ್ನ ಎರಡಕ್ಕೆ ಫೋನ್ ಬಂತು. ವರ್ಕ್‌ಶಾಪಿನಲ್ಲಿ ಅಂಚು ಉಜ್ಜುವ ಮೆಷಿನ್ ಗರಗರ ಓಡುತ್ತಿತ್ತು.

"ಏನಮ್ಮಾ, ಈ ಡಬ್ಬಿ ಎಲ್ಲಿತ್ತು? ಅಟ್ಟದಿಂದ ಇಳಿಸಿದ್ಯಾ?" ಅಪ್ಪನ ದನಿ.

ನನಗಾದ ಸಂತೋಷವನ್ನು ಏನು ಹೇಳಲಿ. ಎದ್ದು ಕುಣಿಯಬೇಕು ಅನ್ನಿಸಿತು. ಅಲ್ಲಪ್ಪ, ಅದು ನಾನು ಮಾಡಿದ್ದು ಅಂತ ಆಗಲೇ ಹೇಳಿದ್ದರೆ ಆಗಿತ್ತು. ಇನ್ನೊಂಚೂರು ಸವಿಯೋಣ ಅಂತ, "ಹೂಂ ಅಪ್ಪ, ಅಟ್ಟದಲ್ಲೇ ಇತ್ತು" ಅಂದೆ.

"ಒಳಗೆ ಗುಬ್ಬಿ ಮೆಷಿನ್ ಕೂರಿಸಿದೀಯ. ಜಾಣೆ ಕಣಮ್ಮ ನೀನು." ಜಾಣೆ ಅಂದರು. ಅವರೇ ಅಂದದ್ದು. "ಆಡ್ತಾ ಆಡ್ತಾ ನಿಂತೋಯ್ತು ಅಂತ ಮಗು ಅಳ್ತಾ ಕೂತಿತ್ತು. ಹಿಂದಿನ ಬಾಗಿಲು ತೆಗೆದೆ. ನಾಲ್ಕು ಸೆಲ್ ಇರಬೇಕಾದ ಕಡೆ ಯಾವುದೋ ಒಂದೇ ಒಂದು ಚಪ್ಪಟೆ ಸೆಲ್ ಅಂಟಿಸಿದಾರಲ್ಲ, ಬೆಳ್ಳಿ ಪೊಟ್ಟಣದ ಥರದ್ದು. ಕಿತ್ತು ಕೈಯಲ್ಲಿ ಹಿಡ್ಕೊಂಡಿದೀನಿ. ಪಾಪ, ಸತ್ತೋಗಿದೆ."

ಅದು ಸತ್ತಿರಲಿಲ್ಲ. ಸ್ಯಾಂಪಲ್ಲಿನ ವೈರು ಸಡಿಲ, ಅಲುಗಿದರೆ ಕಳಚಿಕೊಳ್ಳುತ್ತದೆ ಅಂತ ಫ್ಯೂಸಣ್ಣ ಹೇಳಿದ್ದರು. ವೈರು ಕಳಚಿದ ಮೇಲೆ ಮೆಷಿನ್ ತನ್ನದೇ ಚಾರ್ಜು ಮುಗಿಸಿ ನಿಂತಿರಬೇಕು. ರಾತ್ರಿಯೆಲ್ಲ ಚಾರ್ಜು ಕುಡಿದ ಬ್ಯಾಟರಿ, ತುಂಬಿ ತುಳುಕುತ್ತಿತ್ತು.

"ಅಪ್ಪಾ, ಅದನ್ನ ಕೆಳಗಿಡಿ. ಮುಟ್ಬೇಡಿ. ಕೇಳಿಸ್ತಾ?"

"ಏನು? ಏನೋ ಗರಗರ ಅಂತಿದೆ ನಿನ್ನ ಕಡೆ."

"ಮುಟ್ಬೇಡಿ ಅಂದೆ, ಅಪ್ಪಾ."

"ಕೇಳಿಸ್ತಿಲ್ಲ ಬಿಡು. ಹೊಸದು ತರೋವರೆಗೆ ನಮ್ಮ ಹಳೇ ವೈದ್ಯ ಮಾಡ್ತೀನಿ. ಇನ್ನರ್ಧ ಗಂಟೆ ಓಡುತ್ತೆ." ಫೋನ್ ಇಟ್ಟರು.

ಮತ್ತೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಪ್ಪ ಮಾತು ಮುಗಿದ ಕೂಡಲೇ ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಬೋರಲು ಹಾಕುತ್ತಾರೆ, ಆಮೇಲೆ ಅದು ಅತ್ತರೂ ಕರೆದರೂ ಅವರ ಕಿವಿಗೆ ಬೀಳುವುದಿಲ್ಲ. ನಾಲ್ಕನೆಯ ಸಲ ಫೋನೇ ಕೈಜಾರಿ ಕೆಳಗೆ ಬಿತ್ತು. ಹೆಕ್ಕಿಕೊಟ್ಟವರು ಫ್ಯೂಸಣ್ಣ.

"ಸ್ಯಾಂಪಲ್ ಮನೇಲಿದೆ," ಅಂದೆ. "ಅಪ್ಪ ಬ್ಯಾಟರಿ ಕಿತ್ತಿದಾರೆ. ಕಚ್ಚೋಕೆ ಹೊರಟಿದಾರೆ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಡೆಯ ಮೊಳೆಯಿಂದ ಸ್ಕೂಟರಿನ ಕೀ ತೆಗೆದುಕೊಂಡರು. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಒಂದೇ ಚಿತ್ರ. ಅಪ್ಪನ ಬಾಯಿ, ಬಾಯೊಳಗೆ ಬೆಳ್ಳಿ ಪೊಟ್ಟಣ. ಬೆಂಕಿ ಮೇಜಿನ ಮೇಲಲ್ಲ, ನಾಲಿಗೆಯ ಮೇಲೆ. ಫ್ಯೂಸಣ್ಣನ ಬೆನ್ನಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ಮೊದಲ ಸಿಗ್ನಲ್ ದಾಟುವಾಗ ಥಟ್ಟನೆ ನೆನಪಾಯಿತು. ಹಲ್ಲುಸೆಟ್ಟು. ಲೋಟದಲ್ಲಿದೆ. ಅಪ್ಪನ ಬಾಯಲ್ಲಿ ಹಲ್ಲೇ ಇಲ್ಲ.

ನನಗೆ ನಗು ಬಂತು, ನಿಜವಾಗಿ ನಗು ಬಂತು. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುವ ಗಾದೆ ಯಾವ ಪುಣ್ಯಾತ್ಮ ಮಾಡಿದನೋ ಅಂತ ಮನಸ್ಸಿನಲ್ಲೇ ಕೈಮುಗಿದೆ. ಬೊಚ್ಚು ಬಾಯಿ ಕಚ್ಚಿದರೆಷ್ಟು ಬಿಟ್ಟರೆಷ್ಟು. ಉಸಿರು ಬಿಟ್ಟು ಸ್ವಲ್ಪ ಹಿಂದಕ್ಕೆ ಸರಿದು ಕೂತೆ.

ಆಮೇಲೆ ಗಾದೆಯ ಇನ್ನರ್ಧ ಹೊಳೆಯಿತು. ಆ ಮನೆಯಲ್ಲಿ ಹಲ್ಲಿದ್ದವರು ಒಬ್ಬರು ಇದ್ದರು.

ಅಪ್ಪನನ್ನು ನಾನು ಬಲ್ಲೆ. ತಮ್ಮ ಕೈಯಲ್ಲಾಗದ್ದನ್ನು ಮಗುವಿಗೆ ಕಲಿಸುವುದೆಂದರೆ ಅವರಿಗೆ ಹಬ್ಬ. ಸೂಜಿಗೆ ದಾರ ಪೋಣಿಸುವುದು, ಬಿಗಿ ಮುಚ್ಚಳ ತಿರುಗಿಸುವುದು, ಎಲ್ಲ ಗುಬ್ಬಿಯ ಪಾಲು. "ಬಾ ಮರಿ, ನಿನ್ನ ಹಲ್ಲು ಗಟ್ಟಿ. ಇದನ್ನ ಹೀಗೆ ದವಡೆಯಲ್ಲಿಟ್ಟು ಒಂದು ಸಲ ಗಟ್ಟಿಯಾಗಿ ಕಚ್ಚು ನೋಡೋಣ." ಆ ಮಾತು ಅವರ ದನಿಯಲ್ಲೇ ನನಗೆ ಕೇಳಿಸಿತು. "ಬೇಗ, ಅಣ್ಣ," ಅಂದೆ. "ಹೋಗ್ತಾನೇ ಇದೀನಲ್ಲಮ್ಮ," ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕೆಳಗಿನ ಮನೆಯ ಟೈಲರಮ್ಮನಿಗೆ ಫೋನ್ ಮಾಡಿದೆ. ಮೇಲೆ ಹೋಗಿ ಬಾಗಿಲು ತಟ್ಟಿ, ಇಬ್ಬರನ್ನೂ ಹೊರಗೆ ಕರೆಯಿರಿ, ಕೈಯಲ್ಲಿರೋದನ್ನ ಬಿಸಾಕಿಸಿ ಅಂದೆ. ಏನು ಎತ್ತ ಅಂತ ಕೇಳದೆ ಆಕೆ ಮೆಟ್ಟಿಲು ಹತ್ತಿದರು. ಮಂಡಿನೋವಿನವರು, ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು ನನ್ನ ಕಿವಿಗೆ ಬೀಳುತ್ತಿತ್ತು. ತಟ್ಟುವ ಸದ್ದು ಕೇಳಿಸಿತು. ಮತ್ತೆ ತಟ್ಟಿದರು.

"ಒಳಗಿಂದ ಚಿಲಕ ಹಾಕಿದೆ ಕಣ್ರೀ. ಟಿವಿ ಜೋರಾಗಿ ಕೂಗ್ತಿದೆ. ಯಾರೂ ಬರ್ತಿಲ್ಲ."

"ಇನ್ನೂ ಜೋರಾಗಿ ತಟ್ಟಿ."

"ತಟ್ತಾನೇ ಇದೀನಿ. ಅಯ್ಯೋ, ನೀವು ಸುಮ್ನೆ ಗಾಬರಿ ಆಗ್ತೀರ. ತಾತ ಮೊಮ್ಮಗಳು ಹಣ್ಣು ಗಿಣ್ಣು ಕೊಯ್ಕೊಂಡು ತಿಂತಾ ಕೂತಿದಾರೆ ಅಷ್ಟೆ. ಬಾಗಿಲ ಸಂದಿಯಿಂದ ಎಂಥಾ ಸಿಹಿ ವಾಸನೆ ಬರ್ತಿದೆ ಗೊತ್ತಾ?"

ಮನೆಯಲ್ಲಿ ಹಣ್ಣಿರಲಿಲ್ಲ. ಯಾರೋ ಕಚ್ಚಿದ್ದರು.

ನಾನು ಅದನ್ನು ಫ್ಯೂಸಣ್ಣನಿಗೆ ಹೇಳಿದೆನೋ, ಕಿರುಚಿದೆನೋ ನೆನಪಿಲ್ಲ. ನಮ್ಮ ಬೀದಿಯ ಬಾಯಲ್ಲಿ ಪೈಪಿಗೆಂದು ರಸ್ತೆ ಅಗೆದಿದ್ದರು, ಸ್ಕೂಟರ್ ಹೋಗುವಂತಿರಲಿಲ್ಲ. ನಾನು ಹಾರಿ ಇಳಿದು ಓಡಿದೆ. "ಮಣ್ಣು ಸುರೀರಿ," ಅಂತ ಹಿಂದಿನಿಂದ ಅವರು ಕೂಗಿದರು. "ಉಬ್ಬಿದ್ರೆ ಕೈಯಲ್ಲಿ ಹಿಡೀಬೇಡಿ. ಮಣ್ಣು ಸುರೀರಿ." ಚಪ್ಪಲಿ ಒಂದು ಅಗೆತದಲ್ಲೇ ಉಳಿಯಿತು.

ಮೂರು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಟೈಲರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು, ಕುತ್ತಿಗೆಯಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದಪ್ಪ ಕತ್ತರಿ. ಕೆಲಸದ ನಡುವೆ ಹಾಗೇ ಎದ್ದು ಬಂದಿದ್ದರು. ನನ್ನ ಕೀ ತಿರುಗಿತು, ಚಿಲಕ ಬಿಡಲಿಲ್ಲ. "ಗುಬ್ಬೀ" ಅಂತ ಕೂಗಿದೆ. ಟಿವಿಯಲ್ಲಿ ಯಾರೋ ನಗುತ್ತಿದ್ದರು. ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ನಾನು ಕತ್ತರಿ ಕಿತ್ತುಕೊಂಡು ಬಾಗಿಲ ಪಕ್ಕದ ಕಿಟಕಿಯ ಗಾಜಿಗೆ ಹೊಡೆದೆ. ಎರಡನೆಯ ಏಟಿಗೆ ಒಡೆಯಿತು. ಕೈ ತೂರಿಸಿ ಚಿಲಕ ಎಳೆದೆ. ಮುಂಗೈ ಕೊಯ್ದುಕೊಂಡದ್ದು ಆಮೇಲೆ ತಿಳಿಯಿತು.

ಹಾಲಿನಲ್ಲಿ ಯಾರೂ ಇರಲಿಲ್ಲ. ಸೋಫಾದ ಮೇಲೆ ನನ್ನ ಕವರ್ ಬೆನ್ನು ಮೇಲಾಗಿ ಬಿದ್ದಿತ್ತು, ಬಾಗಿಲು ತೆರೆದುಕೊಂಡು. ನಾಲ್ಕು ಸೆಲ್ಲಿನ ಚಿತ್ರ ಎಷ್ಟು ಅಂದವಾಗಿ ಕಾಣುತ್ತಿತ್ತು ಅಂದರೆ ನನಗೆ ಅಳು ಬಂತು.

ಇಬ್ಬರೂ ಹಿಂದಿನ ಬಾಲ್ಕನಿಯಲ್ಲಿದ್ದರು. ಅಪ್ಪ ಸ್ಟೂಲಿನ ಮೇಲೆ, ಗುಬ್ಬಿ ಅವರ ಕಾಲ ಬಳಿ ನೆಲದ ಮೇಲೆ. ನಡುವೆ ಬಿಸಿಲಿನಲ್ಲಿ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಬ್ಯಾಟರಿ. ಹಲ್ಲುನೋವಿನ ಕೆನ್ನೆಯಂತೆ ಒಂದು ಕಡೆ ಊದಿಕೊಂಡಿತ್ತು. ಗುಬ್ಬಿ ಅದರ ಮೇಲೆ ಮುಖ ಬಗ್ಗಿಸಿ ನೋಡುತ್ತಿದ್ದಳು.

"ಬಂದ್ಯಾ?" ಅಂದರು ಅಪ್ಪ, ಬೊಚ್ಚು ಬಾಯಿ ಅರಳಿಸಿ. "ನೋಡಿಲ್ಲಿ, ಬಿಸಿಲು ತಾಗ್ತಿದ್ದ ಹಾಗೇ ಉಬ್ಬಿದೆ. ಜೀವ ಬರ್ತಿದೆ ಅದಕ್ಕೆ."

ನಾನು ಗುಬ್ಬಿಯ ಜಡೆ ಹಿಡಿದು ಎಳೆದೆ. ಮಗು ಹಿಂದಕ್ಕೆ ಬಿದ್ದು ಕಿರುಚಿತು. ಅಪ್ಪನ ತೋಳು ಹಿಡಿದು ಸ್ಟೂಲಿನ ಸಮೇತ ಒಳಗೆ ನೂಕಿದೆ. ಹುಟ್ಟಿದಾಗಿನಿಂದ ಅವರ ಮೇಲೆ ಕೈ ಮಾಡಿದವಳಲ್ಲ ನಾನು. ಬ್ಯಾಟರಿಯಿಂದ ಚಿರ್ ಅನ್ನುವ ಸಣ್ಣ ಸದ್ದು ಶುರುವಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ ಮೂಲೆಯಲ್ಲಿ ಒಣಗಿತ್ತು. ತಟ್ಟೆಯನ್ನು ಪೊರಕೆಯ ಹಿಡಿಯಿಂದ ತಳ್ಳಿ ತೊಟ್ಟಿಗೆ ಬೀಳಿಸಿದೆ, ಹೂಕುಂಡವನ್ನು ಎತ್ತಿ ಗಿಡ ಸಮೇತ ಅದರ ಮೇಲೆ ಕವುಚಿದೆ. ಇನ್ನೊಂದು ಕುಂಡಕ್ಕೆ ಕೈ ಹಾಕುವಷ್ಟರಲ್ಲಿ ಮಣ್ಣಿನ ಕೆಳಗಿನಿಂದ ಬುಸ್ ಅಂತು. ಮಣ್ಣು ಸೀಳಿಕೊಂಡು ಬೆಂಕಿ ಎದ್ದಿತು, ಗಿಡದ ಎಲೆಗಳೆಲ್ಲ ಒಂದೇ ಏಟಿಗೆ ಮುರುಟಿದವು. ಒಂದು ನಿಮಿಷದ ಹಿಂದೆ ನನ್ನ ಮಗಳ ಮುಖ ಅದೇ ಎತ್ತರದಲ್ಲಿತ್ತು.

ನಾನು ಬಾಲ್ಕನಿಯ ಬಾಗಿಲು ಎಳೆದುಕೊಂಡು ಇಬ್ಬರನ್ನೂ ಹೊರಗೆ ದೂಡಿದೆ. ಬಿಳಿ ಹೊಗೆ ನಮ್ಮ ಹಿಂದೆಯೇ ಬಂತು.

ಮೆಟ್ಟಿಲ ಮೇಲೆ ಕೂತೆವು. ಟೈಲರಮ್ಮ ನೀರು ತಂದರು. ಗುಬ್ಬಿಯ ಗಲ್ಲ ಹಿಡಿದು, "ಬಾಯಿ ತೆಗಿ" ಅಂದೆ.

"ಹಲ್ಲು ಕೀಳ್ತೀಯ."

"ಇಲ್ಲ ಕಂದಾ, ಕೀಳಲ್ಲ. ತೆಗಿ."

ತೆಗೆದಳು. ನಾಲಿಗೆಯ ಬಲ ಅಂಚು ಸ್ವಲ್ಪ ಕೆಂಪಗಾಗಿತ್ತು, ಅಷ್ಟೆ. ಅವಳಿಂದ ಮತ್ತೆ ಮತ್ತೆ ಬಾಯಿ ತೊಳೆಸಿದೆ. ಸಂಜೆ ಡಾಕ್ಟರೂ ಒಂದು ಸಣ್ಣ ಗುಳ್ಳೆ, ವಾರದಲ್ಲಿ ಮಾಯುತ್ತದೆ ಅಂದರು.

"ತಾತ ಕಚ್ಚು ಅಂದ್ರು," ಅಂತ ಗುಬ್ಬಿ ಬಿಕ್ಕುತ್ತ ಹೇಳಿದಳು. "ಗಟ್ಟಿಯಾಗಿ ಕಚ್ಚು ಅಂದ್ರು. ನಾನು ಬಲಗಡೆ ಇಟ್ಟು ಕಚ್ಚೋಕೆ ಹೋದೆ, ಆ ಹಲ್ಲು ಅಲ್ಲಾಡಿ ತುಂಬಾ ನೋವಾಯ್ತು. ಥೂ ಅಂತ ಉಗುಳಿಬಿಟ್ಟೆ. ಕಹಿ ಇತ್ತು."

ದಾರ ಹಿಡಿದು ನಿಂತದ್ದು ನೆನಪಾಯಿತು. ಬೆಳಿಗ್ಗೆ ಆ ಹಲ್ಲು ಕಿತ್ತಿದ್ದರೆ ಪಕ್ಕದ ಅಲ್ಲಾಡದ ಹಲ್ಲಿನಲ್ಲಿ ತಾತ ಹೇಳಿದಷ್ಟೇ ಗಟ್ಟಿಯಾಗಿ ಕಚ್ಚುತ್ತಿದ್ದಳು. ತಾತನ ಮಾತೆಂದರೆ ಅವಳಿಗೆ ವೇದವಾಕ್ಯ. ನಾನು ಅವಳನ್ನು ಅವಚಿಕೊಂಡೆ. ನನ್ನ ಕೈಯ ರಕ್ತ ಅವಳ ಫ್ರಾಕಿಗೆಲ್ಲ ಮೆತ್ತಿತು. ಟೈಲರಮ್ಮ ಅಳತೆ ಟೇಪನ್ನೇ ನನ್ನ ಕೈಗೆ ಪಟ್ಟಿಯಾಗಿ ಸುತ್ತಿದರು.

ಆ ಹೊತ್ತಿಗೆ ಫ್ಯೂಸಣ್ಣ ಏದುಸಿರು ಬಿಡುತ್ತ ಬಂದರು, ಕೈಯಲ್ಲಿ ನನ್ನ ಚಪ್ಪಲಿ. ಒಳಗೆ ಹೋಗಿ ತೊಟ್ಟಿ ನೋಡಿದರು, ಇನ್ನೊಂದು ಕುಂಡ ಮಣ್ಣು ಸುರಿದರು. ಬರುವಾಗ ಸೋಫಾದ ಮೇಲಿದ್ದ ಕವರನ್ನು ತಂದು ನನ್ನ ಪಕ್ಕ ಇಟ್ಟು, ಕೆಳಗಿನ ಮೆಟ್ಟಿಲಲ್ಲಿ ಕೂತರು.

ಅಪ್ಪ ಇಷ್ಟು ಹೊತ್ತೂ ಗೋಡೆ ನೋಡುತ್ತ ಕೂತಿದ್ದರು.

"ನನ್ನಿಂದ ಮಗು..." ಅಂದರು.

"ನಿಮ್ಮಿಂದ ಅಲ್ಲ ಅಪ್ಪ. ಅದು ನಮ್ಮ ಹಳೇ ಡಬ್ಬಿ ಅಲ್ಲ. ಹೊಸದು. ಹಳೇದರ ಥರ ಮಾಡಿರೋದು. ಅದರೊಳಗಿದ್ದದ್ದು ಆ ಕಾಲದ ಸೆಲ್ಲಲ್ಲ, ಕಚ್ಚಿದ್ರೆ ಬೆಂಕಿ."

ಅವರು ಕವರನ್ನು ಎತ್ತಿಕೊಂಡು ತಿರುಗಿಸಿ ನೋಡಿದರು, ಅಂಚಿನ ಹಳದಿಯನ್ನು ಉಗುರಿನಿಂದ ಕೆರೆದರು. ಬಾಗಿಲ ಒಳಗಿನ ಚಿತ್ರದ ಮೇಲೆ ಬೆರಳಾಡಿಸಿದರು. ಆಮೇಲೆ ಅವರ ಮುಖ ಕೆಂಪಾಯಿತು.

"ತೆಗೆಯೋಕೆ ಬರೋ ಬಾಗಿಲು ಇಟ್ಟು, ಸೆಲ್ ಹಾಕು ಅಂತ ಚಿತ್ರ ಬೇರೆ ಬರೆದು, ಒಳಗೆ ಇಂಥಾ ಮಾರಿ ಇಟ್ಟಿದಾರಲ್ಲ," ಅಂದರು. "ಇದನ್ನ ಮಾಡಿದವರ ಮನೇಲಿ ಮಕ್ಕಳಿಲ್ವಾ?"

ಫ್ಯೂಸಣ್ಣ ತಲೆ ತಗ್ಗಿಸಿಕೊಂಡರು. ನಾನು ಸುಮ್ಮನಿದ್ದರೂ ಆಗುತ್ತಿತ್ತು, ಅವರು ಹೇಳುತ್ತಿರಲಿಲ್ಲ.

"ಇದಾಳೆ ಅಪ್ಪ," ಅಂದೆ. "ಒಬ್ಬಳು ಮಗಳಿದಾಳೆ. ಒಂದು ಹಲ್ಲು ಅಲ್ಲಾಡ್ತಿದೆ."

ಅಪ್ಪ ನನ್ನನ್ನು ನೋಡಿದರು. ಗುಬ್ಬಿಯನ್ನು ನೋಡಿದರು. ಬೈಗುಳ ಬರುತ್ತದೆ, ಬರಲಿ ಅಂತ ಕಾದೆ. ಅವರು ಕವರಿನ ಬಾಗಿಲನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಜಾರಿಸಿ ಮುಚ್ಚಿದರು. ಟಕ್ ಅಂತು.

"ಥೇಟ್ ಅದೇ ಸದ್ದು ಕಣಮ್ಮ," ಅಂದರು.

ಮೂವತ್ತು ವರ್ಷ ಕಾದಿದ್ದ ಮಾತು ಅದು. ಕೇಳಿ ನನಗೆ ಭಯವಾಯಿತು, ಬೇರೇನೂ ಆಗಲಿಲ್ಲ. ನಾವು ಮಾಡುತ್ತಿದ್ದ ನಾನೂರು ಕವರುಗಳ ಜೊತೆ ಆ ಸದ್ದು ಇನ್ನು ನಾನೂರು ಮನೆಗಳಿಗೆ ಹೋಗುವುದಿತ್ತು, ಆ ಮನೆಗಳಲ್ಲೆಲ್ಲ ಕಚ್ಚಲು ಕಲಿಸುವ ತಾತಂದಿರಿದ್ದರು. ತಡೆಗೋಡೆಯ ಸ್ಕ್ರೂ ಬಿಚ್ಚುವುದು ಅವರಿಗೆಷ್ಟು ಹೊತ್ತಿನ ಕೆಲಸ.

"ಅಣ್ಣ," ಅಂದೆ ಫ್ಯೂಸಣ್ಣನಿಗೆ. "ಬಾಗಿಲು ಬೇಡ. ಬರೀ ಗೆರೆ ಕೊರೆಯೋಣ. ಚಿತ್ರಾನೂ ತೆಗೆಸ್ತೀನಿ."

"ಅಚ್ಚೆಲ್ಲ ಆಗೋಗಿದೆಯಲ್ಲಮ್ಮ."

"ಆಗಿರೋದನ್ನೆಲ್ಲ ಅಂಟಿಸಿಬಿಡಿ."

"ಸದ್ದು ಬರಲ್ಲ ಆಮೇಲೆ."

"ಬರೋದು ಬೇಡ."

ಅವರು ಹೂಂ ಅಂದರು. ನಾನು ಗುಬ್ಬಿಯ ಬಾಯಿ ಇನ್ನೊಮ್ಮೆ ತೆಗೆಸಿ ನೋಡಿದೆ. ಹಲ್ಲು ಅಲ್ಲೇ ಇತ್ತು, ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು.